ಹೊಸ್ತಿಲ ಮೇಲಿನ ಹಾಸಿಗೆ

ಮಗಳ ಮನೆಯ ಏಸಿ ಖೋಲಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ನನಗೆ ತಲೆ ಹಿಡಿದುಕೊಳ್ಳುತ್ತದೆ. ಹೇಳಿದರೆ ಆಕೆ ನಂಬುವುದಿಲ್ಲ. ಯಾದಗಿರಿಯ ಬೇಸಿಗೆ, ಅಂಗಳದ ಫರಸಿ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಕುಣಿಯಬೇಕು, ನಲ್ಲಿ ತಿರುವಿದರೆ ಚಹಾಕ್ಕೆ ಇಟ್ಟಂಥ ನೀರು ಬರುತ್ತದೆ. ಅಂಥದ್ದರಲ್ಲಿ ತಂಪಿನಲ್ಲಿ ಕೂತು ತಲೆನೋವು ಎನ್ನುವ ಮುದುಕಿಯ ಮಾತನ್ನು ಯಾರು ಕೇಳುತ್ತಾರೆ? ಬಾಣಂತನ ಮಾಡಲಿಕ್ಕೆಂದು ಬಂದವಳು ನಾನು. ಬಂದು ನೋಡಿದರೆ ನನಗಿಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇಲ್ಲ. ನೀರು ಗೀಜರಿನಲ್ಲಿ ಕಾಯುತ್ತದೆ, ಕೂಸಿನ ಬಟ್ಟೆ ಮಶೀನಿನಲ್ಲಿ ತಿರುಗುತ್ತದೆ. ಆದರೂ ದಣಿವು ಬಿಟ್ಟಿಲ್ಲ. ಕೆಲಸವಿಲ್ಲದೆ ದಣಿಯುವುದನ್ನು ಈ ವಯಸ್ಸಿನಲ್ಲಿ ಕಲಿತಿದ್ದೇನೆ.

ಆ ಖೋಲಿಯ ಕಿಟಕಿಯ ಸಂದಿಗೆಲ್ಲ ಸ್ಪಂಜು ತುರುಕಿದ್ದರು. ಬಾಗಿಲ ಬುಡಕ್ಕೆ ಹಳೆಯ ಟವೆಲನ್ನು ಸುರುಳಿ ಸುತ್ತಿ ಒತ್ತಿದ್ದರು. ತಂಪು ಹೊರಗೆ ಹೋಗಬಾರದಂತೆ, ಧೂಳು ಒಳಗೆ ಬರಬಾರದಂತೆ. ಒಳಗೆ ಸೊಳ್ಳೆಗೆಂದು ಪ್ಲಗ್ಗಿಗೆ ಚುಚ್ಚಿದ ಎಣ್ಣೆಯ ಬಾಟಲಿ, ಉಚ್ಚೆ ಬಟ್ಟೆಯ ವಾಸನೆ ಅಡಗಲೆಂದು ಹಚ್ಚಿದ ಊದಿನಕಡ್ಡಿ. ಗೋಡೆಯ ಹೊರಗೆ ಏಸಿಯ ಅಷ್ಟು ದೊಡ್ಡ ಪೆಟ್ಟಿಗೆ ಕೂರಿಸಿದ್ದಾರಲ್ಲ, ಅದು ಹೊರಗಿನ ಗಾಳಿ ಎಳೆದು ತಂಪು ಮಾಡಿ ಕೊಡುತ್ತದೆ ಎಂದೇ ನಾನು ತಿಳಿದಿದ್ದೆ. ಅಳಿಯ ನಕ್ಕು, ಹಾಗಲ್ಲ, ಖೋಲಿಯೊಳಗಿನ ಗಾಳಿಯೇ ಸುತ್ತಿ ಸುತ್ತಿ ತಂಪಾಗುತ್ತದೆ ಎಂದ. ಅಂದರೆ ಇವರು ಬಿಟ್ಟ ಉಸಿರು ಇವರಿಗೇ ವಾಪಸು. ಅದನ್ನು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು.

ಕೂಸಿಗೆ ಮೂಗು ಕಟ್ಟಿತ್ತು. ಮೊಲೆಗೆ ಬಾಯಿ ಹಾಕಿ ಎರಡು ಗುಟುಕು ಎಳೆದು, ಉಸಿರು ಸಾಲದೆ ಬಿಟ್ಟು ಅಳುತ್ತಿತ್ತು. ಅಳಿಯ ಒಳ್ಳೆಯವನು. ನಾನು ಅಂದದ್ದಕ್ಕೆ ಕುರ್ಚಿ ಹತ್ತಿ ಏಸಿಯ ಒಳಗಿನ ಜಾಲರಿ ತೆಗೆದು ಬಚ್ಚಲಲ್ಲಿ ತೊಳೆದ. ಕಂಬಳಿಯಷ್ಟು ದಪ್ಪ ಧೂಳು ಕೂತಿತ್ತು. ತೊಳೆದ ಮೇಲೆ ಕೂಸು ತುಸು ಹಗುರಾಯಿತು. ಆದರೆ ಕಿಟಕಿಯ ಮಾತೆತ್ತಿದರೆ ಗಂಡ ಹೆಂಡತಿ ಇಬ್ಬರೂ ಒಂದೇ ಪಕ್ಷ.

“ಸ್ವಲ್ಪ ಹೊತ್ತರೆ ತೆರೀ ಯವ್ವಾ. ಗಾಳಿ ಆಡ್ಲಿ,” ಎಂದೆ.

“ತಂಪೆಲ್ಲಾ ಹೊರಗ ಹೋಗ್ತದವ್ವಾ. ಮೊದ್ಲೇ ಕೂಸಿಗೆ ಬೆವರಸಾಲಿ ಎದ್ದಾವ. ಬಿಸಿಗಾಳಿ ಬಡದ್ರ ಏನ್ ಮಾಡ್ತಿ?” ಎಂದಳು ಮಗಳು.

ಗಾಳಿ ಬಡಿಯುವುದು. ಆ ಮಾತು ಕೇಳಿ ನಾನು ಸುಮ್ಮನೆ ಮೂಲೆಗೆ ಹೋಗಿ ಕೂತೆ. ವಾದ ಮಾಡಲಿಕ್ಕೂ ತ್ರಾಣ ಬೇಕು, ಸಿಟ್ಟು ಮಾಡಲಿಕ್ಕಂತೂ ಇನ್ನೂ ಹೆಚ್ಚು ಬೇಕು. ಈಗ ಎರಡೂ ನನ್ನ ಹತ್ತಿರ ಉಳಿದಿಲ್ಲ. ಇದೇ ಮಾತನ್ನು ನಾನು ಬಾಣಂತಿಯಾಗಿದ್ದಾಗ ನಮ್ಮವ್ವ ಆಡಿದ್ದಳು. ಆಗ ಹೊರಗಿದ್ದದ್ದು ಚಳಿಗಾಳಿ, ಒಳಗಿದ್ದದ್ದು ಕೆಂಡ. ಮುಚ್ಚಿದ ಬಾಗಿಲು ಮಾತ್ರ ಒಂದೇ.

ಆಗ ನಾವು ನಾರಾಯಣಪುರದ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡ ಕಾಲುವೆಯ ಗೇಟು ನೋಡಿಕೊಳ್ಳುವ ಸಣ್ಣ ನೌಕರ. ಕಾಲುವೆಗೆ ನೀರು ಬಿಡಲು ಶುರುಮಾಡಿ ಬಹಳ ಕಾಲವಾಗಿರಲಿಲ್ಲ. ಸುರಪುರದ ಕಡೆ, ಶಹಾಪುರದ ಕಡೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಜನ ಭತ್ತ ನಾಟಲು ಕಲಿಯುತ್ತಿದ್ದರು. ನೀರು ಬಂತು ಎಂದು ಎಲ್ಲರಿಗೂ ಹಿಗ್ಗು. ನೀರಿನ ಹಿಂದೆಯೇ ಸೊಳ್ಳೆಯೂ ಬಂತು. ಹೊತ್ತು ಇಳಿಯುವ ಮೊದಲೇ ಕ್ವಾರ್ಟರ್ಸಿನ ಕಿಟಕಿಗಳೆಲ್ಲ ಪಟಪಟ ಮುಚ್ಚಿಕೊಳ್ಳುತ್ತಿದ್ದವು. ನಮಗಿಂತ ಮೊದಲು ಆ ಮನೆಯಲ್ಲಿದ್ದವರು ಮೇಲಿನ ವೆಂಟಿಲೇಟರಿಗೂ ಸಿಮೆಂಟ್ ಚೀಲದ ಕಾಗದ ತುರುಕಿ, ಅದರ ಮೇಲೇ ಸುಣ್ಣ ಬಳಿದುಬಿಟ್ಟಿದ್ದರು. ಅಲ್ಲೊಂದು ಕಿಂಡಿ ಇದೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಗೋಡೆ ಸಿಮೆಂಟು, ಮೇಲೆ ಸಿಮೆಂಟು, ಕೆಳಗೆ ಸಿಮೆಂಟು. ಮಣ್ಣಿನ ಮನೆಯಲ್ಲಿ ಬೆಳೆದ ನನಗೆ ಅದು ಅರಮನೆಯೇ ಆಗಿತ್ತು.

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಆದರೆ ಕೈಕಾಲು ಬಾತಿದ್ದವು. ಕ್ಯಾಂಪಿನ ದವಾಖಾನೆಯ ಡಾಕ್ಟರಮ್ಮ ಬಸ್ಸು ಹತ್ತಕೂಡದು ಎಂದರು. ಹಾಗಾಗಿ ಮಗಳು ಹುಟ್ಟಿದ್ದು ಅಲ್ಲಿಯೇ. ಸುದ್ದಿ ತಿಳಿದ ಕೂಡಲೇ ಅವ್ವ ನಮ್ಮ ತವರು ಕೊಂಕಲ್‌ನಿಂದ ಹೊರಟು, ಶಹಾಪುರದಲ್ಲೊಮ್ಮೆ ಸುರಪುರದಲ್ಲೊಮ್ಮೆ ಬಸ್ಸು ಬದಲಿಸಿ ಬಂದಳು. ಹೆಗಲ ಮೇಲೆ ಗೋಣಿಚೀಲ. ಅದರಲ್ಲಿ ಕೆಂಡ ಹಾಕುವ ಕಬ್ಬಿಣದ ಶೇಗಡಿ, ಜಾಲಿ ಕಟ್ಟಿಗೆಯ ಇದ್ದಿಲು, ಅಜವಾನ, ಲೋಬಾನ, ಕೂಡಿಟ್ಟ ಬೆಳ್ಳುಳ್ಳಿ ಸಿಪ್ಪೆ. ಇದ್ದಿಲು ನೋಡಿ ಕಂಡಕ್ಟರ್ ಬೈದನಂತೆ. “ನಿಮ್ಮ ಮನ್ಯಾಗ ಬಾಣಂತನ ಹ್ಯಾಂಗ ಮಾಡ್ತಾರಪ್ಪಾ?” ಎಂದು ಅವನನ್ನೇ ಕೇಳಿ ಬಾಯಿ ಮುಚ್ಚಿಸಿದ್ದಳಂತೆ.

ಅವ್ವನಿಗೆ ಕಟ್ಟಳೆಗಳು ಬಹಳ. ಅಳಿಯನ, ಅಂದರೆ ನನ್ನ ಗಂಡನ, ಎದುರು ನಿಂತು ಮಾತಾಡುತ್ತಿರಲಿಲ್ಲ. ಅವರು ಮುಂದೆಯೇ ಇದ್ದರೂ ಗೋಡೆಗೆ ಮುಖ ಮಾಡಿ “ಊಟಕ್ಕ ಏಳಂತ ಹೇಳು” ಎಂದು ನನಗೆ ಹೇಳುತ್ತಿದ್ದಳು. ಹೊಸ್ತಿಲ ಮೇಲೆ ಯಾರಾದರೂ ಕೂತರೆ ಕೈಯಲ್ಲಿದ್ದದ್ದು ಬಿಟ್ಟು ಎಬ್ಬಿಸಲು ಬರುತ್ತಿದ್ದಳು. ಲಕ್ಷ್ಮಿ ಬರುವ ಜಾಗದಲ್ಲಿ ಕುಂಡಿ ಊರುತ್ತೀರಾ ಎಂದು ನಾವು ಸಣ್ಣವರಿದ್ದಾಗ ಬೆನ್ನಿಗೆ ಗುದ್ದು ಬಿದ್ದದ್ದೂ ಉಂಟು. ಎಲ್ಲಕ್ಕಿಂತ ಮೇಲಿನದು, ಬಾಣಂತಿಗೆ ಗಾಳಿ ಬಡಿಯಬಾರದು. ಬಡಿದರೆ ಮುಂದೆ ಮೈಕೈ ಹಿಡಿಯುತ್ತದೆ, ಸೊಂಟ ಬೀಳುತ್ತದೆ, ಹಾಲು ಬತ್ತುತ್ತದೆ. ಅದಕ್ಕೆ ಬೆಳಿಗ್ಗೆ ಮೈ ಸುಡುವಂಥ ನೀರು ಎರೆದು, ಕಿವಿಗೆ ಹತ್ತಿ ತುರುಕಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಹಗ್ಗದ ಹೊರಸಿನ ಮೇಲೆ ಮಲಗಿಸುತ್ತಿದ್ದಳು. ಹೊರಸಿನ ಕೆಳಗೆ ಶೇಗಡಿ. ನಿಗಿನಿಗಿ ಕೆಂಡದ ಮೇಲೆ ಅಜವಾನ ಉದುರಿಸಿದರೆ ಹಗ್ಗದ ಸಂದಿಯಿಂದ ಕಾವು ಬೆನ್ನಿಗೆ ಏರುತ್ತಿತ್ತು. ಸುಳ್ಳು ಹೇಳಬಾರದು, ಆ ಕಾವು ಬಲು ಹಿತವಾಗಿತ್ತು. ಹೆತ್ತು ಸಡಿಲವಾದ ಎಲುಬೆಲ್ಲ ಮತ್ತೆ ಜಾಗಕ್ಕೆ ಕೂರುತ್ತಿವೆ ಅನಿಸುತ್ತಿತ್ತು.

ಪುಷ್ಯದ ಚಳಿ. ಮೊದಮೊದಲು ಅವ್ವ ಹಂಡೆಗೆ ನೀರು ತರಲು, ಒಲೆ ನೋಡಲು ಹೊರಗೆ ಒಳಗೆ ಓಡಾಡುತ್ತಿದ್ದಳು. ಬಾಗಿಲು ತೆರೆಯುತ್ತ ಮುಚ್ಚುತ್ತ ಇತ್ತು. ಅಣೆಕಟ್ಟಿನ ಕಡೆಯಿಂದ ಬೀಸುವ ತಣ್ಣನೆಯ ಗಾಳಿ ಒಂದು ದಿನ ಹೆಚ್ಚಾಯಿತು. ಅವ್ವ ಎಲ್ಲ ಕೆಲಸ ಮೊದಲೇ ಮುಗಿಸಿ, ನನಗೂ ಕೂಸಿಗೂ ಎರೆದು, ಕೆಂಡ ತುಂಬಿದ ಶೇಗಡಿ ಒಳಗಿಟ್ಟು ಚಿಲಕ ಹಾಕಿದಳು. ಬಾಗಿಲ ಸಂದಿಗೆ ತನ್ನ ಹಳೆಯ ಸೀರೆ ತುರುಕಿದಳು. “ಇನ್ನ ಯಾರ್ ಕರದ್ರೂ ನಾ ತೆರಿಯಾಂಗಿಲ್ಲ,” ಎಂದು ಗೋಡೆಗೆ ಒರಗಿ ಕೂತಳು. ಕಣ್ಣು ಮುಚ್ಚಿದಳು. ಬಂದಾಗಿನಿಂದ ಆಕೆ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ನೀರೆರೆದ ಮೇಲೆ ಕೂಸು ದಿನಾ ಕಿರುಚುತ್ತಿತ್ತು. ಅವತ್ತು ಸ್ವಲ್ಪ ಅತ್ತು ಸುಮ್ಮನಾಯಿತು. ಅವ್ವ ಅರೆಗಣ್ಣು ತೆರೆದು, “ನೋಡು, ಕಾವು ಹತ್ತಿದ ಕೂಡ್ಲೇ ಎಷ್ಟ್ ಚಂದ ಮಲಗೇದ,” ಎಂದಳು. ನನಗೂ ಹಾಗೆಯೇ ಅನಿಸಿತು. ಹೊಗೆ ಏನೂ ಇರಲಿಲ್ಲ. ಕೆಂಡ ಚೆನ್ನಾಗಿ ಕೆಂಪಗಿತ್ತು. ತಲೆಯೊಳಗೆ ಮಾತ್ರ ಯಾರೋ ಮೆಲ್ಲಗೆ ಕುಟ್ಟುತ್ತಿರುವಂತೆ ನೋವು ಶುರುವಾಯಿತು. ಅವ್ವಾ ಎಂದು ಕರೆದೆ. ನಾಲಿಗೆ ದಪ್ಪವಾಗಿತ್ತು. ಆಕೆ ಏಳಲಿಲ್ಲ. ಕೂಸನ್ನು ಮುಟ್ಟಿ ನೋಡಿದೆ. ಕೈ ಎತ್ತಿ ಬಿಟ್ಟರೆ ಧೊಪ್ಪೆಂದು ಬಿತ್ತು. ನಿದ್ದೆಯ ಕೂಸಿನ ಕೈ ಹಾಗೆ ಬೀಳುವುದಿಲ್ಲ. ಏಳಬೇಕೆಂದು ಕಾಲು ಕೆಳಗಿಟ್ಟೆ. ಕಾಲುಗಳು ನನ್ನವಾಗಿರಲಿಲ್ಲ. ನೀರಿನ ತಂಬಿಗೆಯನ್ನು ಕೆಡವಿಕೊಂಡು ನಾನು ನೆಲಕ್ಕೆ ಬಿದ್ದೆ.

ಆ ಸದ್ದಿಗೆ ಅವ್ವ ಎಚ್ಚೆತ್ತಳು. ಎದ್ದು ನಿಲ್ಲಲು ಹೋಗಿ ತಾನೂ ಕುಸಿದಳು. ಆಮೇಲೆ ಆಕೆ ಅಂಬೆಗಾಲಿನಲ್ಲಿ ಬಾಗಿಲ ತನಕ ಹೋದದ್ದು, ಗೋಡೆ ಹಿಡಿದು ಮೇಲೆದ್ದು ಎರಡೂ ಕೈಯಿಂದ ಚಿಲಕ ಎಳೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲು ಬಿಚ್ಚಿದ್ದೇ ತಣ್ಣನೆಯ ಗಾಳಿ ನುಗ್ಗಿತು. ಅವ್ವ ತಿರುಗಿ ಬಂದು ಕೂಸನ್ನು ಬಾಚಿಕೊಂಡು ಹೊರಗಿನ ಕಟ್ಟೆಗೆ ಒಯ್ದಳು. ನನ್ನನ್ನು ತೋಳು ಹಿಡಿದು ದರದರ ಎಳೆದಳು. ಚಳಿಗಾಳಿಯಲ್ಲಿ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಹೋಗಿ, ಒದ್ದೆ ಕೂದಲಿನ ಬಾಣಂತಿಯಾಗಿ ನಾನು ಸಿಮೆಂಟು ಕಟ್ಟೆಯ ಮೇಲೆ ಬಿದ್ದಿದ್ದೆ. ಅಷ್ಟರಲ್ಲಿ ನನ್ನ ಗಂಡ ಕಾಲುವೆಯ ಗೇಟಿನಿಂದ ಸೈಕಲ್ ಮೇಲೆ ಬಂದರು. ಅವ್ವ ಅವರ ಮುಖವನ್ನೇ ದಿಟ್ಟಿಸಿ, “ಕೂಸು ಅಳವಲ್ದು! ಓಡ್ರಿ, ಡಾಕ್ಟರನ್ನ ಕರೀರಿ!” ಎಂದು ಚೀರಿದಳು. ನನ್ನ ಮದುವೆಯಾದಂದಿನಿಂದ ಆಕೆ ಅಳಿಯನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

ಡಾಕ್ಟರಮ್ಮ ಬರುವುದಕ್ಕೆ ಮೊದಲೇ ಕೂಸು ಬಾಯಿ ತೆರೆಯಿತು. ಮೊದಲು ಬೆಕ್ಕಿನ ಮರಿಯಷ್ಟು ಸಣ್ಣ ದನಿ, ಆಮೇಲೆ ದೊಡ್ಡ ಅಳು. ಅಷ್ಟು ಚಂದದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಡಾಕ್ಟರಮ್ಮ ನೋಡಿ, ಮುಚ್ಚಿದ ಖೋಲಿಯಲ್ಲಿ ಕೆಂಡ ಇಟ್ಟರೆ ವಾಸನೆಯಿಲ್ಲದ ವಿಷಗಾಳಿ ತುಂಬುತ್ತದೆ, ಹೊಗೆ ಕಾಣದಿದ್ದರೂ ಜೀವ ತೆಗೆಯುತ್ತದೆ ಎಂದು ತಿಳಿಸಿ ಹೇಳಿದರು. ದವಾಖಾನೆಗೆ ಕರೆದೊಯ್ದು ಸಂಜೆಯ ತನಕ ಇಟ್ಟುಕೊಂಡರು.

ಅವ್ವ ಒಪ್ಪಲಿಲ್ಲ. ಮನೆಗೆ ಬಂದ ಮೇಲೆ, “ನಮ್ಮವ್ವ ನನಗ ಕೆಂಡ ಹಾಕಿದ್ಳು. ನಾ ನಿಮ್ಮಕ್ಕಗ ಹಾಕೀನಿ. ಕೊಂಕಲ್ಲಾಗ ಯಾ ಕೂಸಿಗೂ ಏನೂ ಆಗಿಲ್ಲ. ಇದು ಈ ಮನಿದೇ ಏನೋ ಅದ,” ಎಂದಳು. ಆಕೆ ಮತ್ತೆ ಶೇಗಡಿ ಒಳಗಿಟ್ಟರೆ ಕೂಸನ್ನು ಎತ್ತಿಕೊಂಡು ಹೊರಗೆ ಹೋಗಿ ಕೂರುವುದು ಎಂದು ನಾನು ನಿರ್ಧಾರ ಮಾಡಿದ್ದೆ.

ಮರುದಿನ ಅವ್ವ ಬರಿದಾದ ಖೋಲಿಗೆ ಒಬ್ಬಳೇ ಹೋದಳು. ಹಂಚಿನ ತುಂಡಿನ ಮೇಲೆ ಒಂದೇ ಕೆಂಡ, ಅದರ ಮೇಲೆ ಚಿಟಿಕೆ ಲೋಬಾನ. ದೃಷ್ಟಿ ತೆಗೆಯುತ್ತಾಳೆ ಎಂದುಕೊಂಡೆ. ಆಕೆ ಖೋಲಿಯ ನಡುವೆ ನಿಂತು ಹೊಗೆಯನ್ನೇ ನೋಡುತ್ತಿದ್ದಳು. ಹೊಗೆ ಮೇಲೇರಿತು, ಸಿಮೆಂಟಿಗೆ ತಾಗಿತು, ಅಲ್ಲಿಯೇ ಹರಡಿ ನಿಂತಿತು. ಎಲ್ಲಿಗೂ ಹೋಗಲಿಲ್ಲ. ಅವ್ವ ತಲೆಯೆತ್ತಿ ಬಹಳ ಹೊತ್ತು ನಿಂತಳು. ಕೊಂಕಲ್‌ನ ನಮ್ಮ ಮಣ್ಣಿನ ಮಾಳಿಗೆಯ ಮನೆಯಲ್ಲಿ ಪ್ರತಿ ಖೋಲಿಯ ನೆತ್ತಿಯಲ್ಲೂ ಒಂದು ಬೆಳಕಿಂಡಿ ಇತ್ತು. ಬಾಣಂತಿ ಖೋಲಿಯ ಬಾಗಿಲನ್ನು ಎಷ್ಟು ಬಿಗಿದರೂ ಆ ಕಿಂಡಿ ಮೇಲಿನಿಂದ ಎಲ್ಲವನ್ನೂ ಎಳೆದುಕೊಳ್ಳುತ್ತಿತ್ತು. ಮಳೆ ಬಂದಾಗಷ್ಟೇ ಅದರ ಮೇಲೆ ಗಡಿಗೆ ಬೋರಲು ಹಾಕುತ್ತಿದ್ದೆವು. ಆ ಕಿಂಡಿ ಯಾಕೆಂದು ಮನೆ ಕಟ್ಟಿದವರು ಹೇಳಿರಲಿಲ್ಲ, ಹೆತ್ತವರು ಕೇಳಿರಲಿಲ್ಲ. ಅದು ಇದ್ದೇ ಇತ್ತು, ಅಷ್ಟೇ.

“ಈ ಮನಿಗೆ ಮೂಗೇ ಇಲ್ಲಲ್ಲೇ,” ಎಂದಳು ಅವ್ವ. ಆಮೇಲೆ ಕೂತುಬಿಟ್ಟಳು. “ನನ್ನ ಕೈಲೆ ನಾನೇ ಕೊಲ್ಲತಿದ್ದೆ,” ಎಂದು ಹಣೆ ಚಚ್ಚಿಕೊಂಡಳು. ಆಕೆಯ ಕೈ ಹಿಡಿದು ಬಿಡಿಸಲು ನನಗೆ ಸಾಕಾಯಿತು.

ಅತ್ತದ್ದು ಅಷ್ಟೇ. ಮಧ್ಯಾಹ್ನಕ್ಕೆ ಆಕೆ ಸೆರಗು ಬಿಗಿದು ನಿಂತಿದ್ದಳು. ಕೋಲಿನಿಂದ ಗೋಡೆ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಮುಚ್ಚಿದ್ದ ವೆಂಟಿಲೇಟರನ್ನು ಪತ್ತೆ ಮಾಡಿದಳು. ನನ್ನ ಗಂಡ ಸರಕಾರದ ಮನೆ, ಸುಣ್ಣ ಉದುರುತ್ತದೆ ಎಂದು ಹಿಂದೆ ಮುಂದೆ ನೋಡಿದರು. ಅವ್ವ ಗೋಡೆಗೆ ಮುಖ ಮಾಡಿ, “ಸರಕಾರ ಉಸಿರು ಆಡ್ತದೋ ಇಲ್ಲೋ ಕೇಳು,” ಎಂದು ನನಗೆ ಹೇಳಿದಳು. ಅವರು ಹಾರೆ ತಂದರು. ಶೇಗಡಿ ಮತ್ತೆ ಖೋಲಿಯೊಳಗೆ ಬರಲಿಲ್ಲ. ಕ್ವಾರ್ಟರ್ಸಿನ ಹಿಂದೆ ಉಳಿದು ಬಿದ್ದಿದ್ದ ಇಟ್ಟಂಗಿಗಳನ್ನು ಆಯ್ದು ತಂದು, ಹಂಡೆಯ ಒಲೆಯಲ್ಲಿ ಕಾಯಿಸಿ, ಗೋಣಿಯಲ್ಲಿ ಸುತ್ತಿ ಹೊರಸಿನ ಕೆಳಗೆ ಇಟ್ಟಳು. ಬೆಂಕಿ ಹೊರಗೆ, ಕಾವು ಒಳಗೆ. ಆರಿದ ಇಟ್ಟಂಗಿ ಒಯ್ಯುವುದು, ಕಾದದ್ದು ತರುವುದು, ದಿನವಿಡೀ ಅದೇ.

ಆದರೂ ಅವ್ವನಿಗೆ ಆ ಖೋಲಿಯ ಮೇಲೆ ನಂಬಿಕೆ ಬರಲಿಲ್ಲ. ವೆಂಟಿಲೇಟರು ಮೂಲೆಯಲ್ಲಿತ್ತು, ಸಣ್ಣದಿತ್ತು. ಗಾಳಿ ಆಡಬೇಕಾದರೆ ಬಾಗಿಲು ತೆರೆದಿರಬೇಕು. ತೆರೆದರೆ ಗಾಳಿ ನೇರ ಬಾಣಂತಿಯ ಹೊರಸಿಗೆ ಬಡಿಯುತ್ತದೆ. ಎರಡೂ ಆಕೆಗೆ ಸಹಿಸುವ ಮಾತಲ್ಲ. ಅವತ್ತು ಸಂಜೆ ಆಕೆ ತನ್ನ ಕೌದಿ ತಂದು ಬಾಗಿಲಲ್ಲಿ ಹಾಸಿದಳು. ಹೊಸ್ತಿಲ ಮೇಲೆಯೇ, ಅಡ್ಡಲಾಗಿ. ಬೆನ್ನು ಹೊರಗೆ, ಮುಖ ನಮ್ಮ ಕಡೆಗೆ. ಬಾಗಿಲು ಮುಚ್ಚಲಾಗದು, ಕೆಳಗಿನಿಂದ ನುಗ್ಗುವ ಗಾಳಿ ಹೊರಸಿಗೆ ಬಡಿಯದು. ಆಕೆಯ ಮೇಲಿನಿಂದ ಹಾದು ಬಂದದ್ದು ನಮಗೆ ಸಾಕು.

“ಹೊಸ್ತಿಲದ ಮ್ಯಾಲ ಮಲಗ್ತಿಯೇನವ್ವಾ?” ಎಂದೆ.

“ಸುಮ್ಮನ ಬಿದ್ಕೊ. ಲಕ್ಷ್ಮಿ ಆಗ್ಲೇ ಒಳಗ ಬಂದಾಳ,” ಎಂದು ಕೂಸನ್ನು ತೋರಿಸಿದಳು.

ನಾನು ಎದ್ದು ಅಡಿಗೆಗೆ ಕೂರುವ ತನಕ ಆಕೆ ಅಲ್ಲಿಯೇ ಮಲಗಿದಳು. ಸುರಪುರದ ಗುಡ್ಡಗಳ ಕಡೆಯಿಂದಲೂ, ಅಣೆಕಟ್ಟಿನ ನೀರಿನ ಮೇಲಿಂದಲೂ ಬರುವ ಚಳಿಗಾಳಿಯೆಲ್ಲ ಆ ಬೆನ್ನಿನ ಮೇಲೆ. ಸೊಳ್ಳೆಗಳಿಗಂತೂ ಹಬ್ಬ. ಊರಿಗೆ ಮರಳುವಾಗ ಬಸ್ಸಿನ ಮೆಟ್ಟಿಲು ಹತ್ತುವಾಗ ಸೊಂಟ ಹಿಡಿದುಕೊಂಡಳು. ಏನಾಯಿತು ಎಂದು ಕೇಳಿದ್ದಕ್ಕೆ, “ವಯಸ್ಸಾತು,” ಎಂದಳು. ಅಷ್ಟೇನೂ ವಯಸ್ಸಾಗಿರಲಿಲ್ಲ. ಮುಂದೆ ಆಕೆಯ ಬೆನ್ನು ಮೆಲ್ಲಗೆ ಬಾಗುತ್ತ ಹೋಯಿತು. ಕೇಳಿದಾಗೆಲ್ಲ ಅದೇ ಉತ್ತರ.

ಆಮೇಲೆ ನನ್ನ ಗಂಡನಿಗೆ ಶಹಾಪುರಕ್ಕೆ ವರ್ಗವಾಯಿತು. ಅಲ್ಲಿ ಮನೆಗೆ ಕೂಲರ್ ಬಂತು. ಅವರು ಅದನ್ನು ನಡುಮನೆಯಲ್ಲಿಟ್ಟು, ತಂಪು ಹೋದೀತೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿದರು. ಡಬ್ಬಿಯ ಉಪ್ಪು ಕರಗಿತು, ಹಪ್ಪಳ ಮೆತ್ತಗಾಯಿತು, ಹಾಸಿಗೆಗೆ ಮುಗ್ಗು ವಾಸನೆ ಹಿಡಿಯಿತು. ಅಷ್ಟು ಕಂಡವರು ಮತ್ತೆ ಹಾಗೆ ಮಾಡಿದರಲ್ಲ ಎಂದು ನನಗೆ ಸಿಟ್ಟು ಬಂತು. ಕೂಲರನ್ನು ನಾನೇ ನೂಕಿಕೊಂಡು ಹೋಗಿ ಕಿಟಕಿಗೆ ಹಚ್ಚಿ, ಎದುರಿನ ಬಾಗಿಲು ತೆರೆದೆ. ಆಗಿನ್ನೂ ನನ್ನಲ್ಲಿ ಸಿಟ್ಟು ಮಾಡುವ ಕಸುವಿತ್ತು.

ಈಗ ಅವ್ವನೂ ಇಲ್ಲ, ಗಂಡನೂ ಇಲ್ಲ. ನಾರಾಯಣಪುರದ ಆ ಬೆಳಗಿನ ಸಂಗತಿ ಗೊತ್ತಿದ್ದವಳು ನಾನೊಬ್ಬಳೇ ಉಳಿದಿದ್ದೆ. ಮಗಳಿಗೆ ಹೇಳಿರಲಿಲ್ಲ. ಅಜ್ಜಿ ತನ್ನನ್ನು ಕೊಲ್ಲುತ್ತಿದ್ದಳು ಎಂದು ತಿಳಿದು ಬೆಳೆಯುವುದು ಬೇಡ ಎಂದು ಅವ್ವನೇ ಆಣೆ ಮಾಡಿಸಿಕೊಂಡಿದ್ದಳು.

ಹೋದ ವಾರ ಕೂಸಿನ ಮೂಗು ಮತ್ತೆ ಕಟ್ಟಿತು. ಮಧ್ಯಾಹ್ನ ಅದು ಗೊರಗೊರ ಉಸಿರೆಳೆಯುವುದನ್ನು ಕೇಳುತ್ತ ಕೂತಿದ್ದೆ. ಇಲ್ಲಿ ಕೆಂಡವಿಲ್ಲ, ಆ ವಿಷಗಾಳಿ ಇಲ್ಲ ಎಂದು ಬುದ್ಧಿಗೆ ಗೊತ್ತು. ಎದೆಗೆ ಗೊತ್ತಿಲ್ಲ. ಉಸಿರಿನ ಸದ್ದು ಒಂದು ಕ್ಷಣ ತಡೆದರೂ ನನಗೆ ಆ ಸಣ್ಣ ಕೈ ಧೊಪ್ಪೆಂದು ಬೀಳುವುದು ಕಾಣುತ್ತದೆ. ಕಿಟಕಿ ತೆರೆ ಎಂದು ಮತ್ತೊಮ್ಮೆ ಹೇಳಲು ಮನಸ್ಸಾಗಲಿಲ್ಲ. ಬಾಗಿಲ ಬುಡದ ಟವೆಲು ಸರಿಸಿ, ಬಾಗಿಲು ತೆರೆದು, ಒಂದು ಚಾದರ ಹಾಸಿ ಹೊಸ್ತಿಲ ಮೇಲೆ ಅಡ್ಡಲಾಗಿ ಮಲಗಿಬಿಟ್ಟೆ. ಬೆನ್ನಿಗೆ ಪಡಸಾಲೆಯ ಬಿಸಿಗಾಳಿ, ಎದೆಗೆ ಏಸಿಯ ತಂಪು. ಎಲುಬಿಗೆ ಹೊಸ್ತಿಲು ಒತ್ತುತ್ತಿತ್ತು.

“ಇದೇನವ್ವಾ! ಹೊಸ್ತಿಲದ ಮ್ಯಾಲ ಯಾರರೆ ಮಲಗ್ತಾರೇನು? ನಾ ಸಣ್ಣಾಕಿ ಇದ್ದಾಗ ಕುಂತ್ರೂ ಬೈತಿದ್ದಿ,” ಎಂದಳು ಮಗಳು, ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತು.

“ನಿಮ್ಮಜ್ಜಿ ಮಲಗಿದ್ಳು.”

“ಯಾವಾಗ?”

ಆಣೆ ಮುರಿದೆ. ಮಲಗಿದಲ್ಲಿಂದಲೇ ಎಲ್ಲ ಹೇಳಿದೆ. ಶೇಗಡಿ, ಚಿಲಕ, ಲೋಬಾನದ ಹೊಗೆ, ಇಟ್ಟಂಗಿ, ಕೌದಿ. ದನಿ ಏರಿಸದೆ, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದೆ. ಮಗಳು ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು.

“ಅಜ್ಜಿ ಬೆನ್ನು ಬಗ್ಗಿದ್ದು ಅದಕ್ಕೇನು?” ಎಂದಳು. “ಸೂಟಿಯಾಗ ಕೊಂಕಲ್ಲಿಗೆ ಹೋದಾಗ ನಾ ಆಕಿ ಹಿಂದಿಂದ ಹಂಗೇ ಬಗ್ಗಿ ನಡೀತಿದ್ದೆ. ಎಲ್ಲಾರೂ ನಗ್ತಿದ್ರು. ಅಜ್ಜೀನೂ ತಿರುಗಿ ನೋಡಿ ನಗ್ತಿದ್ಳು.”

“ವಯಸ್ಸಾಗಿತ್ತವ್ವಾ, ಅದಕ್ಕ,” ಎಂದೆ.

ಮಗಳು ಕೂಸನ್ನು ನನ್ನ ಮಗ್ಗುಲಲ್ಲಿ ಮಲಗಿಸಿದಳು. ಒಳಗೆ ಹೋಗಿ ಕಿಟಕಿಯ ಸ್ಪಂಜು ಕೀಳತೊಡಗಿದಳು. ಅದು ಬಿಗಿಯಾಗಿ ಕೂತಿತ್ತು. ಬಾಚಣಿಗೆಯ ಹಿಡಿಯಿಂದ ಮೀಟುತ್ತ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಒಂದೊಂದೇ ತುಂಡು ಕಿತ್ತಳು.